ಪಹಣಿಯಿಂದ ಪಬ್‌ಜಿವರೆಗೆ: ಆಳಂದ, ಅಫಜಲಪುರ, ಜೇವರ್ಗಿಯ ತಂತ್ರಾಂಶ ಚರಿತ್ರೆ

ಕನ್ನಡದಲ್ಲಿ ಟೆಕ್ ಸುದ್ದಿ ಅಂದರೆ ಸಾಮಾನ್ಯವಾಗಿ ಮೂರು ಬಗೆ. ಹೊಸ ಮೊಬೈಲ್ ಬಂತು, ಬೆಲೆ ಇಷ್ಟು, ಕ್ಯಾಮೆರಾ ಇಷ್ಟು ಮೆಗಾಪಿಕ್ಸೆಲ್. ಹೊಸ ಆ್ಯಪ್ ಬಂತು, ಹೀಗೆ ಬಳಸಿ. ಬೆಂಗಳೂರಿನ ಒಂದು ಕಂಪನಿಗೆ ಇಷ್ಟು ಕೋಟಿ ಬಂಡವಾಳ ಹರಿದು ಬಂತು. ಈ ಮೂರರಲ್ಲೂ ಆಳಂದ ಇರುವುದಿಲ್ಲ, ಅಫಜಲಪುರ ಇರುವುದಿಲ್ಲ, ಜೇವರ್ಗಿ ಇರುವುದಿಲ್ಲ. ಓದಿದವರಿಗೆ ಅನಿಸುವುದು ಇಷ್ಟೇ: ತಂತ್ರಜ್ಞಾನ ಬೆಂಗಳೂರಿನಲ್ಲಿ ಹುಟ್ಟುತ್ತದೆ, ಹಳೆಯದಾದ ಮೇಲೆ ಕಲಬುರಗಿಗೆ ಬರುತ್ತದೆ, ಅಲ್ಲಿಂದ ಬಸ್ಸು ಹತ್ತಿ ನಮ್ಮ ಕಡೆ ಬರುತ್ತದೆ.

ನಮಗೆ ಮೊಬೈಲ್, ಗೇಮ್, ತಂತ್ರಾಂಶ ಇವೆಲ್ಲ ಇಷ್ಟದ ವಿಷಯ. ಇಷ್ಟದ ಕಾರಣಕ್ಕೇ ಈ ಲೆಕ್ಕ ಒಪ್ಪಲು ಆಗುವುದಿಲ್ಲ. ಈ ಮೂರು ತಾಲ್ಲೂಕುಗಳಿಗೆ ತಮ್ಮದೇ ತಂತ್ರಾಂಶ ಚರಿತ್ರೆ ಇದೆ. ಅದು ಶುರುವಾಗುವುದು ಮೊಬೈಲ್ ಅಂಗಡಿಯಲ್ಲಿ ಅಲ್ಲ, ತಹಶೀಲ್ ಕಚೇರಿಯಲ್ಲಿ. ಅದರಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ವೇಗದ್ದಲ್ಲ, ಬೆಲೆಯದ್ದಲ್ಲ. ನಮ್ಮ ಹೆಸರನ್ನು ಯಾರು ಬರೆದರು, ಯಾವ ಲಿಪಿಯಲ್ಲಿ ಬರೆದರು, ತಪ್ಪಿದ್ದರೆ ನಮಗೆ ಅದು ಕಾಣುತ್ತದೆಯೇ, ತಿದ್ದಲು ಆಗುತ್ತದೆಯೇ ಎಂಬುದು. ಈ ಚರಿತ್ರೆಯಲ್ಲಿ ನಾವೇ ಬಯಸಿ ಕೈಗೆತ್ತಿಕೊಂಡ ತಂತ್ರಾಂಶ ಬಹುಪಾಲು ಒಂದೇ, ಅದು ಆಟ. ಉಳಿದದ್ದೆಲ್ಲ ಬೇರೆಯವರು ನಮಗಾಗಿ ಆರಿಸಿ ಕಳಿಸಿದ್ದು.

ಯಂತ್ರಕ್ಕೂ ಮೊದಲು

1948ರ ಸೆಪ್ಟೆಂಬರ್ 17ರವರೆಗೆ ನಮ್ಮ ತಾಲ್ಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮನೆಯಲ್ಲಿ ಕನ್ನಡ, ಆಳಂದ–ಅಫಜಲಪುರದ ಗಡಿ ಹಳ್ಳಿಗಳಲ್ಲಿ ಮರಾಠಿಯೂ ಜೊತೆಗೆ, ಕಚೇರಿಯಲ್ಲಿ ಮಾತ್ರ ಉರ್ದು. ಅದಕ್ಕೂ ಮೊದಲು ಪರ್ಷಿಯನ್. ಹೊಲ ಯಾರದ್ದು, ಎಷ್ಟು ಎಕರೆ, ಎಷ್ಟು ಕಂದಾಯ ಎಂಬ ಲೆಕ್ಕ ಪಟವಾರಿಯ ದಫ್ತರಿನಲ್ಲಿ ಇರುತ್ತಿತ್ತು. ಹೊಲದ ಮಾಲೀಕನಿಗೆ ಆ ಬರಹ ಓದಲು ಬರುತ್ತಿತ್ತು ಎಂದೇನೂ ಇಲ್ಲ. ಪಟವಾರಿ ಓದಿ ಹೇಳಿದ್ದೇ ಖರೆ.

ಆ ಕಾಲದ ಮಾತುಗಳು ಈಗಲೂ ನಮ್ಮ ಬಾಯಲ್ಲಿವೆ. ಪಹಣಿ, ಜಮಾಬಂದಿ, ಫಸಲಿ, ತಕರಾರು, ದಫ್ತರ್. ಭೀಮಾ ನದಿ ದಾಟಿ ವಿಜಯಪುರ ಜಿಲ್ಲೆಗೆ ಹೋದರೆ ಅದೇ ಹೊಲದ ಕಾಗದಕ್ಕೆ ‘ಉತಾರ’ ಅನ್ನುತ್ತಾರೆ. ಅದು ಮುಂಬೈ ಪ್ರಾಂತ್ಯದ ಆಡಳಿತ ಬಿಟ್ಟು ಹೋದ ಮಾತು. ನದಿಯ ಈಚೆ ದಂಡೆಗೆ ಒಂದು ಸರ್ಕಾರ, ಆಚೆ ದಂಡೆಗೆ ಇನ್ನೊಂದು ಸರ್ಕಾರ ಇತ್ತು ಎಂಬುದಕ್ಕೆ ಈ ಎರಡು ಪದಗಳೇ ಸಾಕ್ಷಿ.

1956ರ ನವೆಂಬರ್ 1ಕ್ಕೆ ಗುಲಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳು ಆಗಿನ ಮೈಸೂರು ರಾಜ್ಯಕ್ಕೆ ಸೇರಿದವು. ಕಚೇರಿಯ ಬರಹ ನಿಧಾನಕ್ಕೆ ಕನ್ನಡಕ್ಕೆ ತಿರುಗಿತು. ಅಂದರೆ ನಮ್ಮ ಅಜ್ಜಂದಿರ ಹೆಸರು ಒಂದೇ ಜೀವಮಾನದಲ್ಲಿ ಲಿಪಿ ಬದಲಿಸಿತು. ಉರ್ದುವಿನಲ್ಲಿ ಬರೆದ ಹೆಸರನ್ನು ಯಾರೋ ಕೇಳಿ, ಯಾರೋ ಓದಿ, ಇನ್ಯಾರೋ ಕನ್ನಡದಲ್ಲಿ ಬರೆದರು. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವರೇ ಊಹಿಸಿಕೊಳ್ಳಬೇಕು. ಒಬ್ಬನೇ ಮನುಷ್ಯ ಒಂದು ಕಾಗದದಲ್ಲಿ ‘ಸಿದ್ರಾಮಪ್ಪ’, ಇನ್ನೊಂದರಲ್ಲಿ ‘ಸಿದ್ದರಾಮ’, ಮತ್ತೊಂದರಲ್ಲಿ ‘ಶಿದ್ರಾಮ’ ಆಗುವುದಕ್ಕೆ ಇಷ್ಟು ಕೈ ಬದಲಾದರೆ ಸಾಕು. ಕಂಪ್ಯೂಟರ್ ಬರುವ ಮೊದಲೇ ನಮ್ಮ ದಾಖಲೆಗಳಲ್ಲಿ ಈ ಗೊಂದಲ ಕೂತಿತ್ತು. ಕಂಪ್ಯೂಟರ್ ಅದನ್ನು ಹುಟ್ಟಿಸಲಿಲ್ಲ, ಇದ್ದುದನ್ನು ಗಟ್ಟಿ ಮಾಡಿತು.

ಕನ್ನಡ ಯಂತ್ರದೊಳಗೆ ಹೋದದ್ದು

ಯಂತ್ರದಲ್ಲಿ ಕನ್ನಡ ಮೂಡಿಸುವ ಕೆಲಸದಲ್ಲಿ ಮೊದಲು ಹೇಳಬೇಕಾದ ಹೆಸರು ಕೆ.ಪಿ. ರಾವ್ ಅವರದು. ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಮುದ್ರಣದ ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲಿ ದುಡಿದವರು. 1980ರ ದಶಕದಲ್ಲಿ ಅವರು ‘ಸೇಡಿಯಾಪು’ ಎಂಬ ಕನ್ನಡ ಬರಹದ ತಂತ್ರಾಂಶ ಮಾಡಿ ಹಣ ಕೇಳದೆ ಹಂಚಿದರು. ಅವರ ಕೀಲಿಮಣೆಯ ಲೆಕ್ಕ ಸರಳ. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ, ಒತ್ತಕ್ಷರ ಬೇಕಿದ್ದರೆ ನಡುವೆ ಎಫ್. ಇಂಗ್ಲಿಷಿನ 26 ಕೀಲಿಯಲ್ಲೇ ಇಡೀ ಕನ್ನಡ. ಇವತ್ತು ನಮ್ಮ ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಕಣ್ಣು ಮುಚ್ಚಿ ಟೈಪ್ ಮಾಡುವವರ ಬೆರಳುಗಳು ಓಡುವುದು ಹೆಚ್ಚಾಗಿ ಇದೇ ಲೆಕ್ಕದ ಮೇಲೆ. ಅವರಲ್ಲಿ ಬಹಳ ಮಂದಿಗೆ ಅದನ್ನು ‘ನುಡಿ ಕೀಬೋರ್ಡ್’ ಅಂತ ಗೊತ್ತು, ಮಾಡಿದವರ ಹೆಸರು ಗೊತ್ತಿಲ್ಲ.

1996ರ ಡಿಸೆಂಬರಿನಲ್ಲಿ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಜಾಲತಾಣ ತಂದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಉಚ್ಚಾರ ಒತ್ತಿದರೆ ಕನ್ನಡವೇ ಮೂಡುತ್ತಿತ್ತು, ಅದೂ ಉಚಿತ. ಅದರ ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಸರ್ಕಾರಿ ಕಚೇರಿಗಳು ನುಡಿಯನ್ನೇ ಬಳಸತೊಡಗಿದವು. ಪೂರ್ಣಚಂದ್ರ ತೇಜಸ್ವಿ ಅವರು 2007ರ ಏಪ್ರಿಲಿನಲ್ಲಿ ತೀರಿಕೊಳ್ಳುವವರೆಗೂ ಕನ್ನಡಕ್ಕೆ ತನ್ನದೇ ಒಳ್ಳೆಯ ತಂತ್ರಾಂಶ ಬೇಕು ಎಂದು ಪಟ್ಟು ಹಿಡಿದಿದ್ದರು. ಕಥೆ ಬರೆಯುವವರಿಗೆ ಕಂಪ್ಯೂಟರಿನ ಗೊಡವೆ ಯಾಕೆ ಎಂದು ಕೇಳುತ್ತಿದ್ದ ಕಾಲದಲ್ಲಿ ಅವರಿಗೆ ಇದು ಭಾಷೆಯ ಉಳಿವಿನ ಪ್ರಶ್ನೆಯಾಗಿ ಕಂಡಿತ್ತು.

ಆದರೆ ಈ ಹಳೆಯ ತಂತ್ರಾಂಶಗಳಲ್ಲಿ ಒಂದು ಗುಟ್ಟು ಇತ್ತು. ಅವು ಕನ್ನಡವನ್ನು ಕನ್ನಡವಾಗಿ ಉಳಿಸುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನುಡಿ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂದು ಕಾಣುವ ಪದ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪಿ ಅಕ್ಷರ, ತಲೆ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ ಭಾಷೆಯ ಒಂದು ಎಸ್, ಕೊನೆಗೆ ಕ್ಯೂ ಎಂದು ಕಾಣುತ್ತಿತ್ತು. ಯಂತ್ರಕ್ಕೆ ಗೊತ್ತಿದ್ದದ್ದು ಆ ಪೌಂಡ್ ಚಿಹ್ನೆಯೇ ಹೊರತು ನಮ್ಮ ‘ನ’ ಅಲ್ಲ.

ಇದಕ್ಕೆ ಮದ್ದು ಆಗಲೇ ಇತ್ತು. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆ ಮೀಸಲಿಟ್ಟಿದ್ದರು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟ್ ಸಮೇತ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಆದರೂ ಕಚೇರಿ, ಪತ್ರಿಕೆ, ಅಚ್ಚಿನ ಮನೆಗಳು ವರ್ಷಗಟ್ಟಲೆ ಹಳೆಯ ಫಾಂಟಿನಲ್ಲೇ ಮುಂದುವರಿದವು. ಪೇಜ್‌ಮೇಕರಿಗೆ ಯುನಿಕೋಡ್ ಒಗ್ಗುತ್ತಿರಲಿಲ್ಲ ಎಂಬುದು ಒಂದು ಕಾರಣ, ರೂಢಿ ಇನ್ನೊಂದು.

ತಾಲ್ಲೂಕು ಸುದ್ದಿಗಾರರಿಗೆ ಇದರ ಪೆಟ್ಟು ಚೆನ್ನಾಗಿ ಗೊತ್ತು. ಸೈಬರ್ ಕೆಫೆಯಲ್ಲಿ ಕೂತು ಟೈಪ್ ಮಾಡಿ ಕಳಿಸಿದ ಸುದ್ದಿ ಡೆಸ್ಕಿನಲ್ಲಿ ಪೌಂಡ್ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುವುದು, ಕನ್ವರ್ಟರಿಗೆ ಹಾಕಿದರೆ ಅರ್ಕಾವೊತ್ತು ಮಾಯವಾಗುವುದು, ಹೆಸರುಗಳು ಬದಲಾಗುವುದು ಅನುಭವಕ್ಕೆ ಬರದ ಸುದ್ದಿಗಾರರಿಲ್ಲ. ಆದರೆ ದೊಡ್ಡ ನಷ್ಟ ಬೇರೆ ಇದೆ. ಆ ಫಾಂಟುಗಳಲ್ಲಿ ಬರೆದ ಬರಗಾಲದ ವರದಿ, ಭೀಮಾ ಪ್ರವಾಹದ ವರದಿ, ತೊಗರಿ ಬೆಲೆಯ ಹೋರಾಟದ ವರದಿ ಯಾವುದೂ ಪರಿವರ್ತಿಸದ ಹೊರತು ಹುಡುಕಿದರೆ ಸಿಗುವುದಿಲ್ಲ. ಯಾವುದೋ ಸಿ.ಡಿ.ಯಲ್ಲಿ ಇದ್ದರೂ ಯಂತ್ರದ ಪಾಲಿಗೆ ಅದು ಕನ್ನಡವೇ ಅಲ್ಲ. ಇಂದು ಕೃತಕ ಬುದ್ಧಿಮತ್ತೆಗೆ ಕನ್ನಡ ಕಲಿಸಲು ಪಠ್ಯ ಸಾಲದು ಎನ್ನುತ್ತಾರೆ. ಒಂದು ತಲೆಮಾರಿನ ಜಿಲ್ಲಾ ಬರಹ ಆ ಪೌಂಡ್ ಚಿಹ್ನೆಗಳ ಹಿಂದೆ ಸಿಕ್ಕಿಕೊಂಡಿದೆ.

ಹದಿನೈದು ರೂಪಾಯಿಯ ಕಾಗದ

ನಮ್ಮ ಭಾಗದ ರೈತ ಮೊದಲು ಕಂಡ ಕನ್ನಡ ತಂತ್ರಾಂಶ ಬರಹವೂ ಅಲ್ಲ, ನುಡಿಯೂ ಅಲ್ಲ. ಅದು ‘ಭೂಮಿ’. ರಾಜ್ಯದ ಕಂದಾಯ ಇಲಾಖೆ ಮತ್ತು ಕೇಂದ್ರದ ಎನ್‌ಐಸಿ ಸೇರಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ, 2000ದ ಆಸುಪಾಸಿನಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆ. ಕೈಬರಹದ ಪಹಣಿ ಕೊಡುವುದು ನಿಂತಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ.

ಇದು ಸಣ್ಣ ಮಾತಲ್ಲ. ಅದಕ್ಕೂ ಮುಂಚೆ ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರು ಊರಿಗೆ ಬರುವ ದಿನ ಕಾಯಬೇಕು, ಅವರ ಮನಸ್ಸು ಕಾಯಬೇಕು. ಯಡ್ರಾಮಿ ಕಡೆಯ ರೈತ ಜೇವರ್ಗಿಗೆ ಬಂದು, ಕರಜಗಿ ಕಡೆಯವರು ಅಫಜಲಪುರಕ್ಕೆ ಬಂದು, ಯಾರಿಗೂ ಕೈಮುಗಿಯದೆ ಕಾಗದ ತೆಗೆದುಕೊಂಡು ಹೋಗುವುದು ಹೊಸ ಅನುಭವ.

ಭೂಮಿ ಕೇಂದ್ರಗಳ ವಿನ್ಯಾಸದಲ್ಲಿ ಒಂದು ಸಂಗತಿ ನಮಗೆ ಬಹಳ ಮುಖ್ಯ ಅನಿಸುತ್ತದೆ. ಆ ದಿನಗಳಲ್ಲಿ ವಿಶ್ವಬ್ಯಾಂಕ್ ಪ್ರಕಟಿಸಿದ ವಿವರಣೆಯ ಪ್ರಕಾರ ಕೌಂಟರಿನಲ್ಲಿ ಎರಡು ಪರದೆ ಇರಬೇಕಿತ್ತು. ಒಂದು ಕೆಲಸ ಮಾಡುವ ಸಿಬ್ಬಂದಿಯ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ತನ್ನ ಹೆಸರು, ತನ್ನ ಸರ್ವೆ ನಂಬರು, ತನ್ನ ಸಾಲದ ನಮೂದು ಏನು ಟೈಪ್ ಆಗುತ್ತಿದೆ ಎಂದು ರೈತನೂ ನೋಡಬೇಕು ಎಂಬ ಉದ್ದೇಶ. ಪಟವಾರಿಯ ದಫ್ತರ್ ನೂರಾರು ವರ್ಷ ಒಂದೇ ಕಡೆಗೆ ತೆರೆದುಕೊಳ್ಳುತ್ತಿತ್ತು. ಅದನ್ನು ರೈತನ ಕಡೆಗೆ ತಿರುಗಿಸಬೇಕು ಎಂದು ಯಾರೋ ಯೋಚಿಸಿದ್ದರು.

ಆದರೆ ಪರದೆಯಲ್ಲಿ ಹೆಸರು ಕಂಡರೆ ಸಾಲದು, ತಪ್ಪಿದ್ದರೆ ತಿದ್ದಲೂ ಆಗಬೇಕು. ಕೈಬರಹದ ದಾಖಲೆಯನ್ನು ತರಾತುರಿಯಲ್ಲಿ ಟೈಪ್ ಮಾಡಿದಾಗ ಹಳೆಯ ತಪ್ಪುಗಳ ಜೊತೆ ಹೊಸ ತಪ್ಪುಗಳೂ ಸೇರಿದವು. “ತಮ್ಮಾ, ಒಂಬತ್ತನೇ ಕಾಲಂನ್ಯಾಗ ನಮ್ಮಪ್ಪನ ಹೆಸರು ತಪ್ಪಾಗ್ಯಾದ ನೋಡು” ಎಂದು ಕಂಪ್ಯೂಟರ್ ಸೆಂಟರಿನಲ್ಲಿ ಕೇಳುವ ಹಿರಿಯರು ಇವತ್ತಿಗೂ ಇದ್ದಾರೆ. ಪಹಣಿಯ ಒಂಬತ್ತನೇ ಕಾಲಂ ಮಾಲೀಕತ್ವದ್ದು, ಹನ್ನೊಂದನೇ ಕಾಲಂ ಸಾಲ ಮತ್ತು ಇತರ ಹಕ್ಕುಗಳದ್ದು. ಒಂದು ಒತ್ತಕ್ಷರ ತಪ್ಪಿದರೆ ಅದನ್ನು ಸರಿಪಡಿಸಲು ಅರ್ಜಿ, ಅಫಿಡವಿಟ್, ವಿಚಾರಣೆ, ತಿಂಗಳುಗಟ್ಟಲೆ ಓಡಾಟ. ಹಿಂದೆ ಆ ತಿದ್ದುಪಡಿಯ ಚಾವಿ ಊರಲ್ಲಿತ್ತು, ಈಗ ತಾಲ್ಲೂಕು ಕೇಂದ್ರಕ್ಕೆ ಹೋಯಿತು. 2007ರಲ್ಲಿ ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೂ ಇದೇ ಬಗೆಯ ಪ್ರಶ್ನೆ ಎತ್ತಿತು. ದಾಖಲೆ ಒಂದೇ ಕಡೆ ಸೇರಿದಾಗ ದೊಡ್ಡ ಖರೀದಿದಾರರಿಗೆ ಅನುಕೂಲವಾಗುತ್ತದೆ, ಸಣ್ಣ ರೈತನ ಹಿಡಿತ ಸಡಿಲವಾಗುತ್ತದೆ ಎಂಬುದು ಅವರ ವಾದ. ಅವರು ನೋಡಿದ್ದು ಮುಖ್ಯವಾಗಿ ಬೆಂಗಳೂರಿನ ಸುತ್ತಲಿನ ಜಮೀನು. ನಮ್ಮ ಕಪ್ಪು ನೆಲಕ್ಕೆ ಆ ಬಗೆಯ ಖರೀದಿದಾರರ ಕಾಟ ಅಷ್ಟಿಲ್ಲ. ತಿದ್ದುವ ಅಧಿಕಾರ ಯಾರ ಕೈಯಲ್ಲಿ ಎಂಬ ಪ್ರಶ್ನೆ ಮಾತ್ರ ಇಲ್ಲಿಗೂ ಅಷ್ಟೇ ಸರಿ.

ಭೂಮಿಯ ನಂತರ ಒಂದರ ಮೇಲೊಂದು ಬಂದವು. ಆಧಾರ್, ನಾಡಕಚೇರಿಯ ಆನ್‌ಲೈನ್ ಪ್ರಮಾಣಪತ್ರ, ಬೆಳೆ ವಿಮೆಯ ‘ಸಂರಕ್ಷಣೆ’ ಪೋರ್ಟಲ್, ರೈತರ ನೋಂದಣಿಯ ‘ಫ್ರೂಟ್ಸ್’, ಸರ್ವೆ ನಂಬರ್ ತೋರಿಸುವ ‘ದಿಶಾಂಕ್’. 2020ರಿಂದ ರೈತರೇ ಮೊಬೈಲಿನಲ್ಲಿ ಹೊಲದ ಫೋಟೊ ತೆಗೆದು ಹಾಕುವ ಬೆಳೆ ಸಮೀಕ್ಷೆ ಆ್ಯಪ್ ಬಂತು. ಇವೆಲ್ಲ ಒಂದಕ್ಕೊಂದು ಕೈ ಹಿಡಿದಿವೆ. ಪಹಣಿಯ ಕನ್ನಡದ ಹೆಸರು, ಆಧಾರಿನ ಇಂಗ್ಲಿಷ್ ಹೆಸರು, ಬ್ಯಾಂಕಿನ ಇನ್ನೊಂದು ಇಂಗ್ಲಿಷ್ ಹೆಸರು ತಾಳೆಯಾಗದಿದ್ದರೆ ಬೆಂಬಲ ಬೆಲೆಗೆ ತೊಗರಿ ಮಾರುವಾಗ, ವಿಮೆ ಹಣ ಬರುವಾಗ ತೊಡಕು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿ ಸಿಕ್ಕಿತು. ತೊಗರಿಗೆ ಗಟ್ಟಿ ಗುರುತು ಸಿಕ್ಕರೂ ಅದನ್ನು ಬೆಳೆದವನ ಹೆಸರು ಇನ್ನೂ ಮೂರು ಕಡೆ ಮೂರು ಬಗೆ.

ನಾವೇ ಆರಿಸಿಕೊಂಡ ತಂತ್ರಾಂಶ

ಈಗ ಆಟಕ್ಕೆ ಬರೋಣ. ಪಹಣಿಯ ತಂತ್ರಾಂಶಕ್ಕೆ ನಾವು ಅರ್ಜಿದಾರರು, ಆಟದ ತಂತ್ರಾಂಶಕ್ಕೆ ನಾವು ಆಟಗಾರರು. ಪರದೆ ಪೂರ್ತಿ ನಮ್ಮ ಕಡೆಗೆ ತಿರುಗಿದ್ದು ಇಲ್ಲಿ ಮಾತ್ರ.

1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರ ಬಿಟ್ಟಿತು. ಅದರ ನಕಲುಗಳು ಟಿ.ವಿ. ಗೇಮ್ ಎಂಬ ಹೆಸರಿನಲ್ಲಿ ಭಾರತದ ಸಣ್ಣ ಪೇಟೆಗಳಿಗೆ ಬಂದವು. ಹಳದಿ ಅಥವಾ ಕಪ್ಪು ಕ್ಯಾಸೆಟ್, ಅದರ ಮೇಲೆ ಸಾವಿರಾರು ಆಟ ಇವೆ ಎಂಬ ಸುಳ್ಳು ಸಂಖ್ಯೆ, ಒಳಗೆ ಅದದೇ ಮಾರಿಯೊ, ಅದದೇ ಕಾಂಟ್ರಾ. ಮಾರಿಯೊ 1985ರ ಆಟ. ನಮ್ಮ ಓಣಿಗೆ ಅದು ತಲುಪುವಾಗ ಹದಿನೈದು ವರ್ಷ ಹಳೆಯದು, ಆದರೂ ನಮಗೆ ಹೊಸದು. ಕರೆಂಟ್ ಹೋದರೆ ಆಟ ಅಲ್ಲಿಗೇ ಮುಗಿಯಿತು, ಉಳಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಲೋಡ್ ಶೆಡ್ಡಿಂಗಿನ ವೇಳೆ ಗೊತ್ತಿದ್ದವನೇ ಒಳ್ಳೆಯ ಆಟಗಾರ.

ಆಮೇಲೆ ಹಾವು ಬಂತು. ಫಿನ್ಲೆಂಡಿನ ತನೇಲಿ ಅರ್ಮಾಂಟೊ ಎಂಬ ಎಂಜಿನಿಯರ್ 1997ರಲ್ಲಿ ನೋಕಿಯಾ 6110 ಫೋನಿಗೆ ಬರೆದ ‘ಸ್ನೇಕ್’ ಆಟ. 2003ರಲ್ಲಿ ಬಂದ ನೋಕಿಯಾ 1100 ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ಕಡೆ ಆ ಫೋನ್ ಗೆದ್ದದ್ದು ಅದರ ತಲೆಯಲ್ಲಿದ್ದ ಟಾರ್ಚಿನಿಂದ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಹಚ್ಚಲು ಹೋಗುವವರಿಗೆ ಬೆಳಕು, ನೀರು ತುಂಬುವವರೆಗೆ ಕಾಯಲು ಹಾವು. ಅಕ್ಷರ ಬಾರದವರೂ ಆಡಿದ ಕಂಪ್ಯೂಟರ್ ಆಟ ಅದು. ನಿಯಮ ಒಂದೇ: ತಿನ್ನು, ಬೆಳೆ, ನಿನ್ನ ಮೈಗೆ ನೀನೇ ಬಡಿಯಬೇಡ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಇಂಟರ್ನೆಟ್ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಮೊಬೈಲ್. ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಹಾರಿ, ಕೊನೆಗೆ ಉಳಿದವನು ಗೆದ್ದ. ಮಾರಿಯೊದಲ್ಲಿ ಎದುರಾಳಿ ಯಂತ್ರ, ಇಲ್ಲಿ ಎದುರಾಳಿ ಜಗತ್ತಿನ ಇನ್ಯಾವುದೋ ಊರಿನ ಹುಡುಗ. ಕಟ್ಟೆಯ ಮೇಲೆ ನಾಲ್ಕು ಮಂದಿ ತಲೆ ತಗ್ಗಿಸಿ ಕೂತು “ಎಣ್ಣಾ, ಹಿಂದ ಬರ್ಲತ್ತಾನ ನೋಡು” ಎಂದು ಕೂಗುವುದು ಹಿರಿಯರಿಗೆ ಹುಚ್ಚಾಗಿ ಕಂಡಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ತೆಗೆದರು, 2023ರಲ್ಲಿ ಮತ್ತೆ ಬಂತು. ಹುಡುಗರು ಅಷ್ಟೂ ಕಾಲ ಅದನ್ನು ಪಬ್‌ಜಿ ಅಂತಲೇ ಕರೆದರು.

ಆಟದ ಬಗ್ಗೆ ನಮ್ಮ ಅಭಿಪ್ರಾಯ ಹೇಳಬೇಕೆಂದರೆ, ಆಟ ನಮ್ಮ ಹುಡುಗರಿಗೆ ಒಂದು ದೊಡ್ಡ ಪಾಠ ಕಲಿಸಿದೆ. ತಂತ್ರಾಂಶಕ್ಕೆ ನಿಯಮ ಇರುತ್ತದೆ, ಆ ನಿಯಮ ಕಲಿಯಬಹುದು, ಸೋತರೆ ಮತ್ತೆ ಶುರು ಮಾಡಬಹುದು ಎಂಬ ಪಾಠ. ಸೆಟ್ಟಿಂಗ್ಸಿಗೆ ಹೋಗು, ಬದಲಿಸು, ನೋಡು ಎಂಬ ಧೈರ್ಯ ಬಂದದ್ದು ಆಟದಿಂದ. ಅಪ್ಪನ ಫೋನಿನಲ್ಲಿ ಬೆಳೆ ಸಮೀಕ್ಷೆ ಮಾಡುವವನು, ಅವ್ವನ ಖಾತೆಯ ಬ್ಯಾಲೆನ್ಸ್ ನೋಡುವವನು ಬಹಳ ಮನೆಗಳಲ್ಲಿ ಅದೇ ಪಬ್‌ಜಿ ಹುಡುಗ. ಆದರೆ ಅವನು ಆ ಮೆನು ಕಲಿತದ್ದು ಇಂಗ್ಲಿಷಿನಲ್ಲಿ. ಮಕ್ಕಳು ಕನ್ನಡದಲ್ಲೇ ಪ್ರೋಗ್ರಾಂ ಬರೆಯಬಹುದಾದ ‘ಕನ್ನಡ ಲೋಗೊ’ ತಂತ್ರಾಂಶವನ್ನು ಪವನಜ ಅವರು ಎಂದೋ ಮಾಡಿದ್ದರು, ಅದಕ್ಕೆ 2006ರಲ್ಲಿ ಮಂಥನ್ ಪ್ರಶಸ್ತಿಯೂ ಬಂತು. ಅದು ನಮ್ಮ ಹಳ್ಳಿ ಶಾಲೆಗಳ ಪಾಠವಾಗಿದ್ದರೆ ಆಡುವ ಹುಡುಗರಲ್ಲಿ ಕೆಲವರು ಆಟ ಮಾಡುವವರೂ ಆಗುತ್ತಿದ್ದರು.

ಆಟದ ಹೆಸರಿನಲ್ಲಿ ಬಂದ ಇನ್ನೊಂದು ಸಂಗತಿಯನ್ನು ಬೇರೆ ಇಡಬೇಕು. ಹಣ ಕಟ್ಟುವ ಆನ್‌ಲೈನ್ ರಮ್ಮಿ, ಬೆಟ್ಟಿಂಗ್. ಇದರ ಕಾನೂನಿನ ಬೇರು ನಮ್ಮ ಹಳೆಯ ಹೈದರಾಬಾದ್ ಸಂಸ್ಥಾನದಲ್ಲೇ ಇದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ರಮ್ಮಿ ಆಡಿದವರ ಮೇಲೆ ನಿಜಾಮರ ಕಾಲದ, ಫಸಲಿ 1305ರ ಹೈದರಾಬಾದ್ ಜೂಜು ಕಾಯ್ದೆಯಡಿ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿತು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಕೋರ್ಟ್ 1968ರಲ್ಲಿ ಹೇಳಿತು. ಅರ್ಧ ಶತಮಾನದ ನಂತರ ಆನ್‌ಲೈನ್ ಕಂಪನಿಗಳು ಹಿಡಿದದ್ದು ಅದೇ ಮಾತನ್ನು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ನಿಯಮಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ದೇಶಕ್ಕೇ ನಿಷೇಧಿಸಿತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ.

ಪಬ್‌ಜಿ ಆಡುವ ಹುಡುಗನನ್ನೂ ರಮ್ಮಿಗೆ ತೊಗರಿ ದುಡ್ಡು ಸುರಿದವನನ್ನೂ ಒಂದೇ ಸುದ್ದಿಯಲ್ಲಿ ‘ಮೊಬೈಲ್ ಗೇಮ್ ಹುಚ್ಚು’ ಎಂದು ಬರೆಯುವುದು ಸರಿಯಲ್ಲ. ಮೊದಲನೆಯವನು ಹೆಚ್ಚಾಗಿ ಕಳೆದುಕೊಳ್ಳುವುದು ವೇಳೆ. ಅದೂ ನಷ್ಟವೇ, ತಂದೆ ತಾಯಿ ಬೈಯುವುದು ನ್ಯಾಯವೇ. ಎರಡನೆಯವನು ಕಳೆದುಕೊಳ್ಳುವುದು ಹೊಲ.

ಆಳಂದದ 6,018 ಅರ್ಜಿಗಳು

ಇಷ್ಟೆಲ್ಲ ಆದ ಮೇಲೂ ಆಳಂದದ ಹೆಸರು ದೇಶದ ಸುದ್ದಿಯಲ್ಲಿ ಓಡಾಡಿದ್ದು ಯಾವುದೇ ಆಟದಿಂದಲ್ಲ, ಹೊಸ ಮೊಬೈಲಿನಿಂದಲ್ಲ. ಒಂದು ಪಟ್ಟಿಯಿಂದ.

ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಕೋರುವ ಅರ್ಜಿಗೆ ‘ನಮೂನೆ 7’ ಅನ್ನುತ್ತಾರೆ. ಅದನ್ನು ಆನ್‌ಲೈನಿನಲ್ಲೂ ಹಾಕಬಹುದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಕಚೇರಿಯೇ ಕೊಟ್ಟ ಲೆಕ್ಕದ ಪ್ರಕಾರ 2022ರ ಡಿಸೆಂಬರಿನಲ್ಲಿ ಆಳಂದ ಕ್ಷೇತ್ರಕ್ಕೆ ಇಂಥ 6,018 ಅರ್ಜಿ ಆನ್‌ಲೈನಿನಲ್ಲಿ ಬಂದವು. ಅನುಮಾನ ಬಂದು ಒಂದೊಂದನ್ನೂ ಪರಿಶೀಲಿಸಿದಾಗ ಸರಿ ಇದ್ದವು 24 ಮಾತ್ರ. ಉಳಿದ 5,994 ಸರಿ ಇರಲಿಲ್ಲ, ತಿರಸ್ಕೃತವಾದವು. 2023ರ ಫೆಬ್ರುವರಿ 21ರಂದು ಆಳಂದ ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. 2018ರ ಚುನಾವಣೆಯಲ್ಲಿ ಇದೇ ಕ್ಷೇತ್ರದ ಗೆಲುವಿನ ಅಂತರ 697 ಮತ ಎಂದು ನೆನಪಿಸಿಕೊಂಡರೆ 6,018ರ ತೂಕ ತಿಳಿಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಹುಲ್ ಗಾಂಧಿ ಅವರು ದೆಹಲಿಯಲ್ಲಿ ಆಳಂದದ ಪ್ರಕರಣ ಮುಂದಿಟ್ಟು ಆರೋಪ ಮಾಡಿದರು. ಆನ್‌ಲೈನಿನಲ್ಲಿ ಯಾರೂ ನೇರವಾಗಿ ಹೆಸರು ಅಳಿಸಲು ಆಗುವುದಿಲ್ಲ ಎಂದು ಚುನಾವಣಾ ಆಯೋಗ ಉತ್ತರಿಸಿತು. ಅದೇ ತಿಂಗಳು ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಯಾರು ತಪ್ಪಿತಸ್ಥರು ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ.

ರಾಜಕೀಯ ಜಗಳವನ್ನು ಪಕ್ಕಕ್ಕಿಟ್ಟು ತಂತ್ರಾಂಶದ ಕಣ್ಣಿನಿಂದ ನೋಡಿದರೆ ಎರಡು ಸಂಗತಿ ಕಾಣುತ್ತವೆ. ಒಂದು, ಸಾವಿರಾರು ಜನರ ಹೆಸರು ಅಳಿಸಿ ಎಂದು ಕೇಳಲು ಯಾರೂ ಊರಿಗೆ ಬರಬೇಕಾಗಲಿಲ್ಲ. ಎರಡು, ಅದನ್ನು ತಡೆದದ್ದು ಇನ್ನೊಂದು ತಂತ್ರಾಂಶವಲ್ಲ. ಅರ್ಜಿಗಳ ಮೇಲೆ ಅನುಮಾನಪಟ್ಟು, ಒಂದೊಂದನ್ನೂ ತೆಗೆದು ಪರಿಶೀಲಿಸಿದ ಮನುಷ್ಯರು. ಭೂಮಿಯ ಪರದೆಯನ್ನು ರೈತನ ಕಡೆ ತಿರುಗಿಸಿದವರ ಯೋಚನೆ ಇದೇ ಇರಬೇಕು. ಯಂತ್ರದಲ್ಲಿ ಬರೆದದ್ದನ್ನು, ಆ ಹೆಸರು ಯಾರದ್ದೋ ಅವರೂ ನೋಡಬೇಕು.

ನಾವು ಬರೆಯಬೇಕಾದ ಟೆಕ್ ಸುದ್ದಿ

ಕೆಲವು ಬಾಗಿಲುಗಳು ತೆರೆದಿವೆ ಎಂಬುದನ್ನೂ ಹೇಳಬೇಕು. 2017ರಲ್ಲಿ ಗೂಗಲ್ ಧ್ವನಿ ಟೈಪಿಂಗಿಗೆ ಕನ್ನಡ ಸೇರಿತು. ಕೀಲಿಮಣೆ ಕಲಿಯದ ಹಿರಿಯರೂ ಈಗ ಫೋನಿಗೆ ಮಾತಾಡಿ ಮೆಸೇಜ್ ಕಳಿಸುತ್ತಾರೆ. ಆದರೆ ಅದಕ್ಕೆ ಪುಸ್ತಕದ ಕನ್ನಡ ತಿಳಿದಷ್ಟು ನಮ್ಮ ‘ಬರ್ಲತ್ತೀನಿ’, ‘ಆಗ್ಯಾದ’ ತಿಳಿಯುವುದಿಲ್ಲ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಭಾರತೀಯ ಭಾಷೆಗಳಿಗಾಗಿ ‘ಭಾಷಿಣಿ’ ಯೋಜನೆ ಶುರು ಮಾಡಿತು. ಅಂಥ ಯೋಜನೆಗಳಿಗೆ ಬೇಕಾಗುವುದು ಜನರ ಮಾತು, ಜನರ ಬರಹ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅದರ ಸುತ್ತಲಿನ ಹಳ್ಳಿಗಳ ಮಾತು ಯಂತ್ರಕ್ಕೆ ತಿಳಿಯುವಂತಾಗಲು ದೂರ ಹೋಗಬೇಕಿಲ್ಲ.

ತಾಲ್ಲೂಕಿನಿಂದ ಬರೆಯುವ ನಮ್ಮಂಥವರ ಪಾಲಿನ ಕೆಲಸವೂ ಇದೆ. ಹೊಸ ಆ್ಯಪ್ ಬಂತು ಎಂದು ಇಲಾಖೆಯ ಪ್ರಕಟಣೆ ಬಂದಾಗ ಬೆಲೆ, ವೈಶಿಷ್ಟ್ಯ ಬರೆದು ಮುಗಿಸದೆ ನಾಲ್ಕು ಪ್ರಶ್ನೆ ಕೇಳಬೇಕು. ಇದರಲ್ಲಿ ಹೆಸರು ಯಾವ ಲಿಪಿಯಲ್ಲಿದೆ? ಹೆಸರಿನ ಯಜಮಾನನಿಗೆ ಅದು ಕಾಣುತ್ತದೆಯೇ? ತಪ್ಪಿದ್ದರೆ ತಿದ್ದುವವರು ಯಾರು, ಎಷ್ಟು ದಿನದಲ್ಲಿ, ಎಷ್ಟು ಖರ್ಚಿನಲ್ಲಿ? ಯಾರಾದರೂ ನಮ್ಮ ಹೆಸರಿನಲ್ಲಿ ಅರ್ಜಿ ಹಾಕಿದರೆ ನಮಗೆ ತಿಳಿಯುವುದು ಹೇಗೆ? ಈ ನಾಲ್ಕಕ್ಕೆ ಉತ್ತರ ಇರುವ ಸುದ್ದಿ ಅಫಜಲಪುರದ ರೈತನಿಗೆ ಯಾವ ಮೊಬೈಲಿನ ಕ್ಯಾಮೆರಾ ಸುದ್ದಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಕೆಲಸ ನಮ್ಮದೇ ಕಪಾಟಿನಲ್ಲಿದೆ. ಹಳೆಯ ನುಡಿ ಫೈಲುಗಳಿರುವ ಸಿ.ಡಿ., ಪೆನ್‌ಡ್ರೈವ್ ಯಾರ ಬಳಿ ಇವೆಯೋ ಅವರು ಅವನ್ನು ಯುನಿಕೋಡಿಗೆ ಬದಲಿಸಿ, ಅರ್ಕಾವೊತ್ತು, ಊರ ಹೆಸರು, ಜನರ ಹೆಸರು ಒಂದೊಂದಾಗಿ ತಿದ್ದಿ ಇಡಬೇಕು. ಕನ್ವರ್ಟರ್ ಉಚಿತ, ತಿದ್ದುವ ಶ್ರಮ ನಮ್ಮದು. ಆ ಊರುಗಳನ್ನೂ ಆ ಮನುಷ್ಯರನ್ನೂ ಕಂಡವರು ಇರುವಾಗಲೇ ಆ ಕೆಲಸ ಮುಗಿಯಬೇಕು.